ಹಳೆಯದು ಕೊಟ್ಟರೆ ಹೊಸದು

ತ್ಬಿಲಿಸಿಯಲ್ಲಿ, ರೈಲು ನಿಲ್ದಾಣದ ನೆಲಮಾಳಿಗೆಯ ಸಾಲಿನಲ್ಲಿ
ನನ್ನದು ಹದಿನೇಳನೇ ಕೌಂಟರು.
ಬಲಕ್ಕೆ ವಾಲ್‌ನಟ್ಟಿನ ಮಾಲೆ ಮಾರುವವಳು,
ಎಡಕ್ಕೆ ಬೀಗದ ಕೈ ಕೊರೆಯುವವನು,
ನಡುವೆ ನಾನು, ಸತ್ತ ಡಿಸ್ಕುಗಳನ್ನು ತೂಗದೆ ತೆಗೆದುಕೊಳ್ಳುವವನು.

ನವೆಂಬರಿನ ಒಂದು ಮಧ್ಯಾಹ್ನ ನಾನುಲಿ ಬಂದರು.
ಉಣ್ಣೆಯ ಕಾಲುಚೀಲದೊಳಗೆ ಇಟ್ಟು ತಂದಿದ್ದರು,
ಜಡ್ಡು ಹಿಡಿದ ಕೋಳಿಮರಿಯನ್ನು ತರುವ ಹಾಗೆ.
ಕೇಬಲ್ಲು ಸಿಕ್ಕಿಸಿ ಕಿವಿಗೊಟ್ಟೆ:
ಟಕ್. ಟಕ್. ಟ... ಟಕ್.
ತಲೆ ತಟ್ಟೆಯ ಮೇಲೆ ಎಡವುತ್ತಿದೆ, ಅಂದೆ.
"ತೊದಲುತ್ತಿದೆ" ಅಂದರು. "ನನಗೆ ಈ ಸದ್ದು ಗೊತ್ತು."

ಅವರ ಕಸುಬೇ ಅದು,
ತೊದಲುವ ಮಕ್ಕಳ ಮಾತನ್ನು ಉಸಿರಿಗೆ ಪೋಣಿಸಿಕೊಡುವುದು.
ನಲವತ್ತಮೂರು ಮಕ್ಕಳ ದನಿ ಒಳಗಿದೆ, ಆರು ವರ್ಷದ್ದು.
ತನ್ನ ಹೆಸರಿನ ಹೊಸ್ತಿಲಲ್ಲೇ ಮುಗ್ಗರಿಸುವ ಬೆಸಿಕ್;
ಅಪ್ಪ ಮನೆಗೆ ಬಂದ ರಾತ್ರಿ ಮಾತ್ರ ಮಾತು ಕಟ್ಟುತ್ತದೆ ಎಂದ ಹುಡುಗಿ.
ಅವಳ ಹೆಸರನ್ನು ನನಗೆ ಹೇಳಲಿಲ್ಲ.

ವಾರಂಟಿ ಇತ್ತು, ಇನ್ನೂ ಹನ್ನೊಂದು ದಿನ.
ಷರತ್ತು ಓದಿದೆ, ದಿನಾ ಓದುವ ರಾಗದಲ್ಲಿ:
ಹಳೆಯದು ಕೊಟ್ಟರೆ ಹೊಸದು.
ಮುಚ್ಚಳ ಬಿಚ್ಚಿರಬಾರದು, ಗೀರು ಬಿದ್ದಿರಬಾರದು.
ಒಳಗಿರುವುದಕ್ಕೆ ಕಂಪನಿ ಹೊಣೆಯಲ್ಲ.

"ಮತ್ತೆ ಯಾರು ಹೊಣೆ?"
"ಕೊಡುವ ಮುನ್ನ ನೀವೇ ಅಳಿಸಬೇಕು."
"ಹೇಳಿದ್ದೇ ಕೇಳಿಸದ ಇದಕ್ಕೆ, ಮರೆ ಅಂತ ಹೇಗೆ ಹೇಳಲಿ?"
ಆ ಪ್ರಶ್ನೆಗೆ ನನ್ನ ಫಾರಮಿನಲ್ಲಿ ಕಾಲಂ ಇರಲಿಲ್ಲ.
ನಕಲು ಇಲ್ಲವೇ, ಕೇಳಿದೆ.
"ಇದೆ, ಎರಡು. ಕಳೆದುಹೋದೀತೆಂಬ ಭಯವಲ್ಲಪ್ಪ,
ಉಳಿದುಬಿಟ್ಟೀತೆಂಬ ಭಯ."

ಸತ್ತವು ಎಲ್ಲಿಗೆ ಹೋಗುತ್ತವೆಂದು ಬಲ್ಲೆ.
ಪೆಟ್ಟಿಗೆಯಲ್ಲಿ ಗಡಿ ದಾಟಿ, ಯಾವುದೋ ಗೋದಾಮಿನಲ್ಲಿ
ತಲೆ ಬದಲಿಸಿಕೊಂಡು, ಚೀಟಿ ಅಂಟಿಸಿಕೊಂಡು
ಇನ್ನೊಬ್ಬರ ಹೊಸದಾಗಿ ಮರಳುತ್ತವೆ, ಕೆಲವು.
ಎರಡು ವರ್ಷದ ಹಿಂದೆ ಅಂಥದೊಂದನ್ನು ಪರೀಕ್ಷೆಗೆ ಹಚ್ಚಿದ್ದೆ:
ಯಾರದೋ ಅಡುಗೆಮನೆ. ಯಾರದೋ ಎದೆಯ ಎಕ್ಸ್‌ರೇ.
ಯಾವುದೋ ಕಡಲಲ್ಲಿ ಹಳದಿ ಟೊಪ್ಪಿಗೆಯ ಮಗು,
ಮುಂದಿನ ಹಲ್ಲಿಲ್ಲದ ನಗೆ, ನೇರ ನನ್ನತ್ತ.
ಅಳಿಸಿದೆ. ಸೊನ್ನೆ ಬರೆದು ಬರೆದು ಏಳು ಸಲ ಅಳಿಸಿದೆ.
ಅಳಿದದ್ದು ಡಿಸ್ಕಿನಿಂದ.

ಮಾಲೀಕ ತೆಂಗಿಜ್ ಊಟಕ್ಕೆ ಹೋಗಿದ್ದ.
"ಕೊಡಬೇಡಿ" ಅಂದೆ,
ಅಂಗಡಿಯ ಉಪ್ಪು ತಿಂದವನು ಅನ್ನಬಾರದ ಮಾತು.
ನಕ್ಷತ್ರದ ತುದಿಯ ಸ್ಕ್ರೂಡ್ರೈವರನ್ನು ಕಾಗದದಲ್ಲಿ ಸುತ್ತಿ ಕೊಟ್ಟೆ.
ಹೊಸದಕ್ಕೆಷ್ಟು ಎಂದರು, ಹೇಳಿದೆ.
ಕಾಲುಚೀಲದ ಮೇಲೆ ಬೆರಳು ಮಡಿಸುತ್ತ ಲೆಕ್ಕ ಹಾಕಿದರು,
ಎಷ್ಟು ಮಕ್ಕಳ ಎಷ್ಟು ತಿಂಗಳ ಪಾಠ.

ವಾರಂಟಿ ತೀರಿದ ಮರುದಿನ ಅವರ ಅಂಗಳಕ್ಕೆ ಹೋದೆ,
ಸ್ಕ್ರೂಡ್ರೈವರ್ ವಾಪಸು ಪಡೆವ ನೆಪದಲ್ಲಿ.
ಕೆಳಮನೆಯ ವಾಝಾ ಮೂರು ತಟ್ಟೆಗೂ ಡ್ರಿಲ್ಲು ಹಾಯಿಸಿದ್ದನಂತೆ,
ಮರಳುಕಾಗದ ತಿಕ್ಕಿದ್ದು ಬೆಸಿಕ್.
ಏನಿದು, ಯಾಕೆ ಎಂದು ಅವನು ಕೇಳಲಿಲ್ಲವಂತೆ.
ಕನ್ನಡಿಯಂಥದ್ದನ್ನು ಕೆಡಿಸು ಎಂದು ಕೊಟ್ಟರೆ ಯಾವ ಹುಡುಗ ಕೇಳುತ್ತಾನೆ?
ಎಲೆ ಉದುರಿದ ದ್ರಾಕ್ಷಿ ಚಪ್ಪರದಲ್ಲಿ, ದಾರದ ತುದಿಯಲ್ಲಿ
ನಿಮಿಷಕ್ಕೆ ಏಳು ಸಾವಿರ ಸುತ್ತು ಸುತ್ತಿದವು
ಈಗ ಗಾಳಿ ಬಂದರೆ ಒಂದು, ಇಲ್ಲದಿದ್ದರೆ ಅದೂ ಇಲ್ಲ.
ಗುಬ್ಬಿಗಳೂ ಹೆದರವು.

ಹೊಸದನ್ನು ಮೂರು ಕಂತಿನಲ್ಲಿ ಕೊಂಡರು.
"ಮೊದಲು ಬೀಗ, ಆಮೇಲೆ ಸಾಮಾನು" ಅಂದರು.
ಖಾಲಿ ಇರುವಾಗಲೇ ಗೂಢಲಿಪಿಯ ಬೀಗ ಜಡಿಯಲು ಕೂತೆ.
"ಇದಕ್ಕೂ ಮೂರು ವರ್ಷ ವಾರಂಟಿಯೇ?"
ಇಬ್ಬರೂ ನಕ್ಕೆವು.

ಪರದೆ ಗುಪ್ತಪದ ಕೇಳಿತು.
ಅವರು ನನ್ನ ಮುಖ ನೋಡಿದರು.
ನಾನು ಬೀಗದ ಕೈಯವನ ಅಂಗಡಿಯತ್ತ ತಿರುಗಿ ನಿಂತೆ.
ಬೆನ್ನ ಹಿಂದೆ ಕೀಲಿಗಳ ಸದ್ದು:
ಒಂದು ಅಕ್ಷರ, ತಡೆದು ಇನ್ನೊಂದು,
ಉಸಿರೆಳೆದುಕೊಂಡು
ಇನ್ನೊಂದು.